ಪಥ್ಯಕ್ಕೆ ಬಿದ್ದ ಬೊಲ್ಲೆ

ಇನ್ನು ಮೇಲೆ ಈ ಮನೆಯ ಹೊಸ್ತಿಲೊಳಗೆ ಸಕ್ಕರೆಯ ಒಂದು ಹರಳು ಕೂಡ ಕಾಲಿಡಕೂಡದು ಎಂದು ಆಫ್ಕೆ ಆಜ್ಞೆ ಹೊರಡಿಸಿದಳು. ಆಜ್ಞೆ ಕೇಳಲು ಮನೆಯಲ್ಲಿದ್ದ ಪ್ರಜೆ ಒಂದೇ. ಅದು ಬೆಕ್ಕು. ಹೆಸರು ಬೊಲ್ಲೆ. ಪ್ರಜೆ ಬಾಗಿಲ ಪಕ್ಕದ ಬೂಟಿನೊಳಗೆ ಉಚ್ಚೆ ಹೊಯ್ಯುತ್ತಾ ಆಜ್ಞೆಯನ್ನು ಆಲಿಸಿತು.

ಬೂಟು ವೀಬೆಯದು. ವೀಬೆ ಆಫ್ಕೆಯ ಗಂಡ. ಜನವರಿಯಲ್ಲಿ ಸತ್ತ. ಬೂಟು ಅಲ್ಲೇ ಇತ್ತು.

ಆಫ್ಕೆಗೆ ಅರವತ್ತೆಂಟು. ಹದಿನಾಲ್ಕಕ್ಕೆ ಶಾಲೆ ಬಿಟ್ಟು ಹಾರ್ಲಿಂಗನ್ ಬಂದರಿನ ಮೀನಿನ ಶೆಡ್ಡಿನಲ್ಲಿ ಚಾಕು ಹಿಡಿದವಳು. ಕೊನೆಕೊನೆಗೆ ಇಪ್ಪತ್ತು ಹೆಂಗಸರ ಮೇಲೆ ಮೇಸ್ತ್ರಿಯಾಗಿದ್ದಳು. ಒಂದು ಸೀಟಿ ಊದಿದರೆ ಇಪ್ಪತ್ತು ಚಾಕು ನಿಲ್ಲುತ್ತಿದ್ದವು. ಅಂಥವಳಿಗೆ ಒಂದು ಬೆಕ್ಕಿನ ಹೊಟ್ಟೆಯನ್ನು ಆಳುವುದು ಯಾವ ಮಹಾ ಎಂದುಕೊಂಡಳು.

ವೀಬೆ ಇದ್ದಾಗ ಬೊಲ್ಲೆ ಅವನ ತಟ್ಟೆಯಿಂದಲೇ ತಿನ್ನುತ್ತಿತ್ತು. ಆಲೂಗಡ್ಡೆ, ಮೀನಿನ ಚರ್ಮ, ಕಾಫಿಯಲ್ಲಿ ಅದ್ದಿದ ಬಿಸ್ಕತ್ತು. ವೀಬೆ ಹೋದ ಮೇಲೆ ಆಫ್ಕೆ ಒಲೆ ಹಚ್ಚುವುದನ್ನೇ ಬಿಟ್ಟಳು. ತಾನು ಸಿಂಕಿನ ಬಳಿ ನಿಂತು ಹೊತ್ತುಗೊತ್ತಿಲ್ಲದೆ ಬ್ರೆಡ್ಡು ತಿಂದಳು. ಬೆಕ್ಕಿಗೆ ಅಗಲವಾದ ಬಟ್ಟಲಿನಲ್ಲಿ ಅಂಗಡಿಯ ಒಣ ತಿಂಡಿ ಸುರಿದಳು. ಖಾಲಿಯಾದರೆ ಮತ್ತೆ ಸುರಿದಳು. ಕಣ್ಣೆತ್ತಿ ನೋಡಲಿಲ್ಲ.

ಬೇಸಿಗೆಯ ಹೊತ್ತಿಗೆ ಬೊಲ್ಲೆ ಬದಲಾಯಿತು. ಹೂದಾನಿಯ ನೀರು ಕುಡಿಯಿತು. ಪಾತ್ರೆ ತೊಳೆದ ನೀರನ್ನೂ ಬಿಡಲಿಲ್ಲ. ಬಟ್ಟಲು ನೆಕ್ಕಿ ಮುಗಿಸಿ ಇನ್ನೊಂದು ಬಟ್ಟಲಿಗೆ ಕೂಗಿತು. ಎಷ್ಟು ತಿಂದರೂ ಬೆನ್ನುಮೂಳೆ ಎದ್ದು ಕಂಡಿತು. ಒಂದು ಕಡೆ ಕೂರಲಿಲ್ಲ. ಕಿಟಕಿ, ಮೆಟ್ಟಿಲು, ಬಾಗಿಲು. ಬಾಗಿಲು, ಮೆಟ್ಟಿಲು, ಕಿಟಕಿ. ಹಿಂಗಾಲನ್ನು ನೆಲಕ್ಕೆ ಚಪ್ಪಟೆಯಾಗಿ ಊರಿ ಮುದುಕನ ಹಾಗೆ ನಡೆಯಿತು. ವೀಬೆಯನ್ನು ಹುಡುಕುತ್ತಿದೆ ಎಂದು ಆಫ್ಕೆ ತಿಳಿದಳು. ಹುಡುಕಲಿ ಎಂದು ತಾನೂ ಹಿಂದೆ ಹಿಂದೆ ನಡೆದಳು. ಆ ಬೇಸಿಗೆಯಲ್ಲಿ ಇಬ್ಬರೂ ಸೇರಿ ಹನ್ನೆರಡಡಿ ಅಗಲದ ಮನೆಯೊಳಗೇ ಆಮ್‌ಸ್ಟರ್‌ಡ್ಯಾಮಿಗೆ ಹೋಗಿ ಬಂದಷ್ಟು ನಡೆದಿರಬೇಕು.

ಸೆಪ್ಟೆಂಬರಿನಲ್ಲಿ ಬೊಲ್ಲೆ ಕಿಟಕಿಗೆ ನೆಗೆಯಲು ಹೋಗಿ ಕೆಳಗೆ ಬಿತ್ತು. ಆಗ ಡಾಕ್ಟರ ಬಳಿ ಒಯ್ದಳು. ಡಾಕ್ಟರು ಚಿಕ್ಕ ಹುಡುಗಿ. ಕಿವಿಯ ತುದಿಗೆ ಚುಚ್ಚಿ ಒಂದು ಹನಿ ರಕ್ತ ತೆಗೆದಳು. ರಕ್ತದಲ್ಲಿ ಸಕ್ಕರೆ ಇಪ್ಪತ್ತೇಳು, ಹತ್ತರ ಕೆಳಗಿರಬೇಕಿತ್ತು ಅಂದಳು. ಇದು ದುಃಖವಲ್ಲ, ಸಕ್ಕರೆ ಕಾಯಿಲೆ ಅಂದಳು.

ಆಫ್ಕೆಗೆ ಒಂದು ಥರದ ನೆಮ್ಮದಿಯೇ ಆಯಿತು. ದುಃಖಕ್ಕಾದರೆ ಸೂಜಿ ಇಲ್ಲ. ಸಕ್ಕರೆಗೆ ಇದೆ. ಬೆಳಿಗ್ಗೆ ಏಳಕ್ಕೊಂದು, ಸಂಜೆ ಏಳಕ್ಕೊಂದು. ಒಣ ತಿಂಡಿ ಬಂದ್. ಡಬ್ಬಿಯ ಮಾಂಸ ಮಾತ್ರ, ಅದೂ ಹೊತ್ತಿಗೆ ಸರಿಯಾಗಿ. ಡಾಕ್ಟರು ಒಂದು ಮನೆ ಮನೆ ಗೆರೆ ಎಳೆದ ಹಾಳೆ ಕೊಟ್ಟಳು. ಎಷ್ಟು ತಿಂದ, ಎಷ್ಟು ಕುಡಿದ, ಹೇಗಿದ್ದ, ದಿನಾ ಬರೆಯಬೇಕು. ಸೋಮವಾರ ಸೋಮವಾರ ಫೋನು ಮಾಡಿ ಓದಿ ಹೇಳಬೇಕು. ಮತ್ತೊಂದು ಮಾತೂ ಹೇಳಿದಳು. ಔಷಧಿ ಹೆಚ್ಚಾಗಿ ಕಾಲು ತಡವರಿಸಿದರೆ ತಕ್ಷಣ ಒಸಡಿಗೆ ಸಕ್ಕರೆ ನೀರು ಸವರಬೇಕು.

ಸಕ್ಕರೆ ಕಾಯಿಲೆಗೆ ಸಕ್ಕರೆ ಸವರು ಎನ್ನುವ ಡಾಕ್ಟರು! ಪಾಪ, ಚಿಕ್ಕ ಹುಡುಗಿ, ಬಾಯಿತಪ್ಪಿ ಹೇಳಿರಬೇಕು ಎಂದು ಆಫ್ಕೆ ಕ್ಷಮಿಸಿದಳು.

ಸುದ್ದಿ ಕೇಳಿ ನಾದಿನಿ ಟೆಟ್ಯೆ ಬಂದಳು. ವೀಬೆಯ ತಂಗಿ. ನಲವತ್ತು ವರ್ಷ ದನ ಸಾಕಿ ಮಾರಿದವಳು. ಬೆಕ್ಕನ್ನು ದನದ ಹಾಗೆಯೇ ಮೂತಿಯಿಂದ ಬಾಲದವರೆಗೆ ನೋಡಿದಳು.

"ಸಾಕು ಬಿಡು ಆಫ್ಕೆ. ಹನ್ನೊಂದು ವರ್ಷದ ಬೆಕ್ಕು. ಡಾಕ್ಟರಿಗೆ ಹೇಳಿ ಸೂಜಿ ಚುಚ್ಚಿಸಿ ಕೊನೆಯ ನಿದ್ದೆಗೆ ಮಲಗಿಸಿಬಿಡು. ಅದಕ್ಕೂ ಬಿಡುಗಡೆ, ನಿನಗೂ."

"ಅವನು ವೀಬೆಯ ಬೆಕ್ಕು."

"ನಮ್ಮಣ್ಣನೇ ಹೋದ. ಬೆಕ್ಕಿಗೇನು ಯಾರಾದ್ರೂ ಬರ್ಕೊಟ್ಟಿದ್ದಾರಾ? ಕನ್ನಡೀಲಿ ಮುಖ ನೋಡ್ಕೊಂಡಿದ್ದೀಯಾ ನೀನು? ಅದರ ಹಿಂದೆ ಸುತ್ತಿ ಸುತ್ತಿ ನೀನೂ ಹೋಗ್ತೀಯ ಅಷ್ಟೆ."

ಆಫ್ಕೆ ಅಕ್ಟೋಬರ್ ಹದಿನಾಲ್ಕರವರೆಗೆ ಅವಕಾಶ ಕೇಳಿದಳು. ಅವತ್ತು ಡಾಕ್ಟರು ಮತ್ತೆ ರಕ್ತ ನೋಡುವವಳಿದ್ದಳು. ಹತ್ತಕ್ಕಿಂತ ಕೆಳಗೆ ಬಂದರೆ ಬೊಲ್ಲೆ ಉಳಿಯಬೇಕು, ಟೆಟ್ಯೆ ಆ ಮಾತು ಮತ್ತೆ ಎತ್ತಬಾರದು. ಬರದಿದ್ದರೆ ಮಲಗಿಸಿ ಎಂದು ಆಫ್ಕೆಯೇ ಬಾಯಿಬಿಟ್ಟು ಹೇಳಬೇಕು. ಟೆಟ್ಯೆ ಅಂಗೈ ಚಾಚಿದಳು. ದನದ ಸಂತೆಯಲ್ಲಿ ವ್ಯಾಪಾರ ಕುದುರಿದಾಗ ತಟ್ಟುವ ಹಾಗೆ ಇಬ್ಬರೂ ಕೈಗೆ ಕೈ ತಟ್ಟಿದರು. ಹಾಗೆ ತಟ್ಟಿದ ಮೇಲೆ ಆ ಸೀಮೆಯಲ್ಲಿ ಹಸುವನ್ನೂ ಹಿಂದಕ್ಕೆ ಕೊಡುವಂತಿಲ್ಲ, ಮಾತನ್ನೂ ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ.

ಟೆಟ್ಯೆ ಹೋದ ತಕ್ಷಣ ಆಜ್ಞೆ ಹೊರಟದ್ದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಬೆಕ್ಕಿಗೆ ಸಕ್ಕರೆ ಬಂದದ್ದಕ್ಕೆ ಆಫ್ಕೆ ತನ್ನ ಡಬ್ಬಿಗಳನ್ನೆಲ್ಲ ಖಾಲಿ ಮಾಡಿದಳು. ಸಕ್ಕರೆ, ಜೇನು, ಜಾಮು, ಪ್ಯಾನ್‌ಕೇಕಿಗೆ ಹಾಕುವ ಪಾಕ, ಬ್ರೆಡ್ಡಿನ ಮೇಲೆ ಉದುರಿಸುವ ಚಾಕಲೇಟು ಚೂರು. ಎಲ್ಲವನ್ನೂ ಒಂದು ಬಕೆಟ್ಟಿಗೆ ತುಂಬಿ ಪಕ್ಕದ ಮನೆಯ ಬೌಕ್ಯೆಯ ಬಾಗಿಲಲ್ಲಿಟ್ಟಳು. ಗಂಟೆ ಒತ್ತಿ ಓಡಿಬಂದಳು. ಗಂಡ ಹೋದಾಗಿನಿಂದ ಅವಳು ಬೀದಿಯವರ ಜೊತೆ ಮಾತಾಡುತ್ತಿದ್ದದ್ದೇ ಬಾಗಿಲ ಸಂದಿನಲ್ಲಿ. ಅದೂ ಎರಡು ಮಾತು. ಒಂದು "ಹೂಂ." ಇನ್ನೊಂದು "ಆಮೇಲೆ."

ಪಥ್ಯ ಶುರುವಾಯಿತು. ಬೆಳಿಗ್ಗೆ ಏಳಕ್ಕೆ ಬಟ್ಟಲು ಕೆಳಗೆ. ಹತ್ತು ನಿಮಿಷಕ್ಕೆ ಸೀಟಿ. ಸೀಟಿಗೆ ಬಟ್ಟಲು ಮೇಲೆ. ತಿಂದರೆ ತಿಂದ, ಇಲ್ಲದಿದ್ದರೆ ಸಂಜೆಗೆ. ಮೊದಲ ವಾರ ಬೊಲ್ಲೆ ಇಡೀ ಬೀದಿಗೆ ಕೇಳುವಂತೆ ಅತ್ತಿತು. ಆಫ್ಕೆ ವೀಬೆಯ ಸ್ವೆಟರಿನ ತೋಳಿನಲ್ಲಿ ಕಿವಿ ಮುಚ್ಚಿಕೊಂಡಳು. ಆ ಸ್ವೆಟರು ಅವಳ ಮೈಮೇಲಿಂದ ಇಳಿದು ಎಷ್ಟು ದಿನವಾಯಿತೆಂದು ಸ್ವೆಟರಿಗೇ ಗೊತ್ತು.

ಎರಡನೇ ವಾರ ಹೂದಾನಿಯ ನೀರು ಹೂದಾನಿಯಲ್ಲೇ ಉಳಿಯಿತು. ಮೂರನೇ ವಾರ ಬೂಟು ಒಣಗಿತು. ಒಂದು ಮಧ್ಯಾಹ್ನ ಬೊಲ್ಲೆ ಒಂದೇ ನೆಗೆತಕ್ಕೆ ಕಿಟಕಿ ಹತ್ತಿ ಕೂತು ಬೀದಿ ನೋಡುತ್ತಾ ಮುಖ ತೊಳೆದುಕೊಂಡಿತು. ಆಫ್ಕೆಗೆ ಕೋಡು ಮೂಡಿತು. ಡಾಕ್ಟರಿಗೆ ಫೋನು ಮಾಡುವುದೇಕೆ? ಮಾಡಿದರೆ ಒಂದು ಒತ್ತಿ, ಎರಡು ಒತ್ತಿ ಎಂದು ಯಂತ್ರ ಮಾತಾಡುತ್ತದೆ. ಮಾಡಲಿಲ್ಲ. ಡಾಕ್ಟರು ಕೊಟ್ಟ ಹಾಳೆಯನ್ನು ಎಂಟು ಮಡಿಕೆ ಮಡಿಚಿ, ಕುಂಟುತ್ತಿದ್ದ ಮೇಜಿನ ಕಾಲಿನ ಕೆಳಗೆ ಇಟ್ಟಳು. ಮೇಜು ಗಟ್ಟಿಯಾಗಿ ನಿಂತಿತು.

ಆದರೆ ತಾರೀಖು ಮರೆಯುವಂತಿರಲಿಲ್ಲ. ಬೆಕ್ಕಿನ ಜೀವ ಅದರ ಮೇಲೆ ನಿಂತಿತ್ತು. ಮನೆಯಲ್ಲಿ ದಿನಾ ತಪ್ಪದೆ ಕಣ್ಣಿಗೆ ಬೀಳುವ ಜಾಗ ಒಂದೇ. ಕಕ್ಕಸು. ಅಲ್ಲಿ, ಕೂತವರ ಕಣ್ಣಿಗೆ ನೇರವಾಗಿ, ಎಲ್ಲರ ಮನೆಯಲ್ಲಿ ಇರುವ ಹಾಗೆಯೇ ಹುಟ್ಟುಹಬ್ಬದ ಕ್ಯಾಲೆಂಡರು ನೇತಾಡುತ್ತಿತ್ತು. ಅದರಲ್ಲಿ ವಾರವಿಲ್ಲ, ವರ್ಷವಿಲ್ಲ. ತಾರೀಖು, ತಾರೀಖಿನ ಮುಂದೆ ಯಾರದಾದರೂ ಹೆಸರು, ಅಷ್ಟೇ. ಹೆಸರೆಲ್ಲ ವೀಬೆಯ ಕೈಬರಹ. ಅವುಗಳ ನಡುವೆ ಆಫ್ಕೆ ಮೊದಲ ಸಲ ಪೆನ್ಸಿಲ್ಲು ಊರಿದಳು. ಅಕ್ಟೋಬರ್ ಹದಿನಾಲ್ಕು: ಬೊಲ್ಲೆ. ಅಕ್ಷರ ಸೊಟ್ಟಗಾಯಿತು. ಪರವಾಗಿಲ್ಲ, ಓದುವವಳು ತಾನೊಬ್ಬಳೇ ಎಂದುಕೊಂಡಳು.

ಅಕ್ಟೋಬರಿನ ಮೊದಲ ವಾರ ಬೌಕ್ಯೆ ಖಾಲಿ ಬಕೆಟ್ಟು ಹಿಂದಿರುಗಿಸಲು ಬಂದಳು. ಆಫ್ಕೆ ಬಾಗಿಲ ಸಂದಿನಿಂದ ಹೂಂ ಅಂದಳು. ಬೌಕ್ಯೆ ತನಗೆ ಅವಸರವಾಗಿದೆ ಅಂದಳು. ಅದಕ್ಕೆ ಆಮೇಲೆ ಎನ್ನಲು ಬರುವುದಿಲ್ಲ. ಬೌಕ್ಯೆ ಕಕ್ಕಸಿಗೆ ನುಗ್ಗಿದಳು. ಹೊರಗೆ ಬಂದಾಗ ಅವಳ ಕಣ್ಣು ಒದ್ದೆಯಾಗಿತ್ತು. ಏನೂ ಕೇಳದೆ ಆಫ್ಕೆಯ ತೋಳು ಹಿಸುಕಿ ಹೋದಳು. ಏನು ಬಂತು ಇವಳಿಗೆ ಎಂದು ಆಫ್ಕೆ ಬಾಗಿಲು ಹಾಕಿಕೊಂಡಳು.

ಹದಿನಾಲ್ಕು ಬಂತು. ಡಾಕ್ಟರು ಹೇಳಿದ್ದು ಸಂಜೆ ನಾಲ್ಕು ಗಂಟೆಗೆ. ಆಫ್ಕೆ ಬೆಳಿಗ್ಗೆ ಐದಕ್ಕೇ ಎದ್ದು ಓಡಾಡಿದಳು. ಏಳಕ್ಕೆ ಬಟ್ಟಲಿಟ್ಟು ಸೂಜಿ ಚುಚ್ಚಿದಳು. ಬೊಲ್ಲೆ ಅವಳ ಕಾಲಿನ ಓಡಾಟ ನೋಡುತ್ತಾ ಕೂತು ಅರ್ಧ ತಿಂದಿತು. ಅಷ್ಟರಲ್ಲಿ ಹತ್ತು ನಿಮಿಷ. ಶಿಸ್ತು ಎಂದರೆ ಶಿಸ್ತು. ಸೀಟಿ. ಬಟ್ಟಲು ಮೇಲೆ.

ಎರಡು ಗಂಟೆಗೆ ಬಾಗಿಲ ಗಂಟೆ ಸದ್ದಾಯಿತು. ತೆಗೆದರೆ ಬೌಕ್ಯೆ. ಕೈಯಲ್ಲಿ ಮೊಳದುದ್ದದ ಸಕ್ಕರೆ ಬ್ರೆಡ್ಡು. ಮಗು ಹುಟ್ಟಿದ ಮನೆಗೆ ಒಯ್ಯುವಂಥದು, ಒಳಗೆ ಗೋಲಿ ಗಾತ್ರದ ಸಕ್ಕರೆ ಹರಳು. ಅವಳ ಹಿಂದೆ ಗಂಡ ಡೌವೆ. ಕೈಯಲ್ಲಿ ಕೆನೆ ಮೆತ್ತಿದ ಕೇಕು. ಅವರ ಹಿಂದೆ ಇಡೀ ಬೀದಿ. ಆರೇಳು ಜನ, ಇಸ್ತ್ರಿ ಮಾಡಿದ ಬಟ್ಟೆ, ಗಂಭೀರ ಮುಖ. ಬೌಕ್ಯೆ ಆಫ್ಕೆಯ ಕೈ ಹಿಡಿದು ಕುಲುಕಿದಳು.

"ಬೊಲ್ಲೆಯ ಹುಟ್ಟುಹಬ್ಬಕ್ಕೆ ನಿನಗೆ ಅಭಿನಂದನೆ ಆಫ್ಕೆ."

ಆಫ್ಕೆ ಬಾಯಿ ತೆರೆದಳು. ಅಷ್ಟರಲ್ಲಿ ಡೌವೆ ಕೈ ಕುಲುಕಿದ. ಆಮೇಲೆ ಮೂರನೆಯವರು, ನಾಲ್ಕನೆಯವರು. ಗಂಡನನ್ನು ಕಳೆದುಕೊಂಡವಳು ಬೆಕ್ಕಿನ ಹುಟ್ಟುಹಬ್ಬ ಬರೆದಿಟ್ಟುಕೊಂಡು ಒಬ್ಬಳೇ ಕೂರುತ್ತಾಳಲ್ಲ ಎಂದು ಬೀದಿಯೆಲ್ಲ ಮರುಗಿತ್ತು. ಕಕ್ಕಸಿನ ಕ್ಯಾಲೆಂಡರಿನಲ್ಲಿ ಹೆಸರು ಕಂಡೂ ಹೋಗದಿರುವುದು ಆ ಊರಿನಲ್ಲಿ ಸಾಲ ಇಟ್ಟುಕೊಂಡು ಸತ್ತಂತೆ. ಬೆಕ್ಕಾದರೇನು, ಹೆಸರು ಹೆಸರೇ.

ಅದೇ ಹೊತ್ತಿಗೆ ಟೆಟ್ಯೆ ಬಂದಳು. ಕೈತಟ್ಟಿದ ಮಾತಿನ ಲೆಕ್ಕ ಚುಕ್ತಾ ಮಾಡಲು, ಆಫ್ಕೆಯ ಜೊತೆ ಡಾಕ್ಟರಲ್ಲಿಗೆ ಹೋಗಲು. ಹುಟ್ಟುಹಬ್ಬಕ್ಕೆ ಮನೆಯವರನ್ನೆಲ್ಲ ಅಭಿನಂದಿಸುವುದು ಆ ಊರಿನ ಪದ್ಧತಿ. ಎಲ್ಲರೂ ಸಾಲಾಗಿ ಅವಳ ಕೈಯನ್ನೂ ಕುಲುಕಿ ಅಭಿನಂದಿಸಿದರು.

"ನನಗ್ಯಾಕೆ ಅಭಿನಂದನೆ?"

"ನೀನು ಸೋದರತ್ತೆ ಅಲ್ವೇನೇ," ಅಂದ ಡೌವೆ.

ಕುರ್ಚಿಗಳು ಗೋಡೆಗುಂಟ ವೃತ್ತವಾಗಿ ಕೂತವು. ಜನವರಿಯಿಂದ ಯಾರೂ ಕೂರದ ಕುರ್ಚಿಗಳು ಕಿರುಗುಟ್ಟಿದವು. ಆಫ್ಕೆ ಕಾಫಿ ತಂದಳು. ಸಕ್ಕರೆ ಕೇಳಿದರು. ಇಲ್ಲ ಅಂದಳು. ಹುಟ್ಟುಹಬ್ಬವಲ್ಲ ಎಂದು ಹೇಳಲು ಮೂರು ಸಲ ನಿಂತಳು. ಮೂರು ಸಲವೂ ಯಾರೋ ಕೇಕಿನ ತಟ್ಟೆ ಕೊಟ್ಟು ಕೂರಿಸಲು ನೋಡಿದರು. ಕೂರಲಿಲ್ಲ. ಕೇಕು ಮತ್ತು ಬೆಕ್ಕಿನ ನಡುವೆ ಕಾವಲು ನಿಂತಳು.

ಡೌವೆ ಬೆರಳಿನಲ್ಲಿ ಕೆನೆ ತೆಗೆದು ಸೋಫಾದ ಕೆಳಗೆ ಸೇರಿಕೊಂಡಿದ್ದ ಬೊಲ್ಲೆಗೆ ಚಾಚಿದ. ಆಫ್ಕೆ ತಡೆಯಲು ಬಾಗಿದಳು. ಬೊಲ್ಲೆ ಮೂಸಿತು. ಮುಖ ತಿರುಗಿಸಿತು.

ಆಫ್ಕೆ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ನೋಡಿದೆಯಾ ಟೆಟ್ಯೆ? ನಾಲ್ಕೇ ವಾರ. ಕೆನೆ ಕೊಟ್ಟರೂ ಬೇಡ ಅಂತಾನೆ. ಇದಕ್ಕೆ ಶಿಸ್ತು ಅನ್ನೋದು."

ಯಾರೋ ಚೀಸಿನ ತುಂಡು ಹಿಡಿದರು. ಅದನ್ನು ಮೂಸಲೂ ಇಲ್ಲ. ಹೊಗೆಯಾಡಿಸಿದ ಹಾವುಮೀನು ಹಿಡಿದರು. ಅದನ್ನೂ ಬೇಡವೆಂದಿತು. ಸಭೆ ತಲೆದೂಗಿತು. ಆಫ್ಕೆ ತನ್ನ ಪದ್ಧತಿಯನ್ನು ವಿವರಿಸತೊಡಗಿದಳು. ಸೀಟಿಯ ಮಹಿಮೆಗೆ ಬರುವಷ್ಟರಲ್ಲಿ ಬೊಲ್ಲೆ ಸೋಫಾದ ಕೆಳಗಿನಿಂದ ಹೊರಬಂತು. ಎರಡು ಹೆಜ್ಜೆ ಇಟ್ಟಿತು. ಹಿಂಭಾಗ ಒಂದು ಕಡೆಗೆ, ತಲೆ ಇನ್ನೊಂದು ಕಡೆಗೆ ಹೋಯಿತು. ಡೌವೆಯ ಬೂಟಿನ ಮೇಲೆ ಕುಸಿದು ಮೀಸೆ ಅದುರಿಸಿತು.

ಶಿಸ್ತಲ್ಲ ಅದು. ಡಾಕ್ಟರು ಹೇಳಿದ ಮಾತು ಆಗ ಆಫ್ಕೆಯ ಕಿವಿಗೆ ಬಿತ್ತು, ಒಂದು ತಿಂಗಳು ತಡವಾಗಿ.

"ಸಕ್ಕರೆ," ಅಂದಳು. "ಅವನಿಗೆ ಸಕ್ಕರೆ ಬೇಕು."

ಅಡುಗೆಮನೆಗೆ ಓಡಿದಳು. ಡಬ್ಬಿ ತೆಗೆದಳು. ಖಾಲಿ. ಇನ್ನೊಂದು ತೆಗೆದಳು. ಖಾಲಿ, ತೊಳೆದು ಒರೆಸಿಟ್ಟದ್ದು. ತಾನೇ ಹೊರಡಿಸಿದ ಆಜ್ಞೆ ಅಷ್ಟು ಚೆನ್ನಾಗಿ ಪಾಲನೆಯಾಗಿತ್ತು. ವಾಪಸು ಬಂದಾಗ ಟೆಟ್ಯೆ ನೆಲದ ಮೇಲೆ ಕೂತಿದ್ದಳು, ಬೆಕ್ಕು ಅವಳ ತೊಡೆಯ ಮೇಲಿತ್ತು. ಬೌಕ್ಯೆ ಸಕ್ಕರೆ ಬ್ರೆಡ್ಡನ್ನು ಎರಡು ಹೋಳು ಮಾಡಿ ಹರಳುಗಳನ್ನು ಉಗುರಿನಿಂದ ಕಿತ್ತು ಬಿಸಿನೀರಿನ ಲೋಟಕ್ಕೆ ಹಾಕುತ್ತಿದ್ದಳು. ಡೌವೆ ಚಮಚದಲ್ಲಿ ಅರೆಯುತ್ತಿದ್ದ. ಟೆಟ್ಯೆ ಬೆರಳು ಅದ್ದಿ ಬೊಲ್ಲೆಯ ತುಟಿ ಎತ್ತಿ ಒಸಡಿಗೆ ಸವರಿದಳು. ಮತ್ತೆ ಅದ್ದಿದಳು. ಮತ್ತೆ ಸವರಿದಳು.

"ನೆಕ್ಕು," ಅಂದಳು ಟೆಟ್ಯೆ, ಕರುವಿಗೆ ಹೇಳುವ ಹಾಗೆ. "ನೆಕ್ಕೋ ಮಾರಾಯ."

ಆಫ್ಕೆ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ ನಡೆದಳು. ಏಳನೆಯ ಸಲವೋ ಎಂಟನೆಯ ಸಲವೋ ಬೊಲ್ಲೆಯ ನಾಲಿಗೆ ಹೊರಗೆ ಬಂತು. ಟೆಟ್ಯೆಯ ಬೆರಳನ್ನು ನೆಕ್ಕಿತು. ಆಮೇಲೆ ತಲೆ ಎತ್ತಿ ಕಚ್ಚಿತು.

"ಬದುಕಿದ," ಅಂದಳು ಟೆಟ್ಯೆ, ಬೆರಳು ಒದರುತ್ತಾ.

ಡೌವೆ ತನ್ನ ಪೆಟ್ಟಿಗೆ ಸೈಕಲ್ಲು ತಂದ. ಪೆಟ್ಟಿಗೆಯಲ್ಲಿ ಟೆಟ್ಯೆ ಕಾಲು ಮಡಿಚಿ ಕೂತಳು, ಅವಳ ಮಡಿಲಲ್ಲಿ ಕಂಬಳಿ ಸುತ್ತಿದ ಬೊಲ್ಲೆ. ಆಫ್ಕೆ ತನ್ನ ಸೈಕಲ್ಲಿನಲ್ಲಿ ಮುಂದೆ ಹೋಗಿ, ನಿಂತು, ಹಿಂದೆ ಬಂದು, ಮತ್ತೆ ಮುಂದೆ ಹೋಗಿ, ಒಂದು ದಾರಿಯನ್ನು ಮೂರು ಸಲ ಹೋದಳು.

ಡಾಕ್ಟರು ಕಿವಿಗೆ ಚುಚ್ಚಿದಳು. ಆಫ್ಕೆ ಗೋಡೆ ನೋಡಿದಳು.

"ಐದೂವರೆ," ಅಂದಳು ಡಾಕ್ಟರು. "ಅದೂ ಸಕ್ಕರೆ ನೆಕ್ಕಿಸಿದ ಮೇಲೆ."

"ಹತ್ತಕ್ಕಿಂತ ಕೆಳಗೆ," ಅಂದಳು ಆಫ್ಕೆ.

"ಕೇಳಿಸ್ತು," ಅಂದಳು ಟೆಟ್ಯೆ.

ಗೆದ್ದೆ ಎಂದು ಆಫ್ಕೆ ಬೆನ್ನು ನೆಟ್ಟಗೆ ಮಾಡುವಷ್ಟರಲ್ಲಿ ಡಾಕ್ಟರು ಹಾಳೆ ಎಲ್ಲಿ ಎಂದು ಕೇಳಿದಳು. ಸೋಮವಾರ ಫೋನು ಯಾಕೆ ಬರಲಿಲ್ಲ ಎಂದು ಕೇಳಿದಳು. ಆಫ್ಕೆ ತನ್ನ ಬೂಟಿನ ತುದಿ ನೋಡಿದಳು. ಡಾಕ್ಟರು ದನಿ ಏರಿಸಲಿಲ್ಲ. ಏರಿಸಿದ್ದರೆ ಚೆನ್ನಾಗಿತ್ತು. ಒಣ ತಿಂಡಿ ನಿಲ್ಲಿಸಿದ ಮೇಲೆ ಬೊಲ್ಲೆಯ ಮೈ ತನ್ನ ಕೆಲಸವನ್ನು ತಾನೇ ಮಾಡಲು ಶುರು ಮಾಡಿದೆ, ಎರಡು ವಾರದ ಹಿಂದೆಯೇ ಔಷಧಿ ಇಳಿಸಬೇಕಾಗಿತ್ತು ಅಂದಳು. ಹೊಟ್ಟೆ ತುಂಬ ಉಣ್ಣದೆ ಇದ್ದರೆ ಪೂರ್ತಿ ಸೂಜಿ ಹಾಕುವುದೂ ತಪ್ಪು, ಕೇಳದೆ ಹಾಕಕೂಡದು ಅಂದಳು.

"ಪಥ್ಯ ಚೆನ್ನಾಗಿ ಮಾಡಿದಿರಿ ಆಫ್ಕೆಯವರೇ. ನೀವು ಮಾಡಿದ್ದು ಬೇಕಾದ್ದಕ್ಕಿಂತ ಚೆನ್ನಾಗಿಯೇ ಆಯ್ತು. ಒಂದು ಮಾತು ನಮಗೂ ಹೇಳಬೇಕಿತ್ತು, ಅಷ್ಟೆ."

ಇಪ್ಪತ್ತು ಹೆಂಗಸರ ಮೇಸ್ತ್ರಿ ಹೂಂ ಅಂದಳು.

ಇವತ್ತು ಸಂಜೆಯ ಸೂಜಿ ಬೇಡ. ಬೆಳಿಗ್ಗೆ ಮತ್ತೆ ತೋರಿಸಬೇಕು. ಹೀಗೇ ಹೋದರೆ ಚಳಿಗಾಲ ಮುಗಿಯುವುದರೊಳಗೆ ಸೂಜಿಯೇ ಬೇಡವಾಗಬಹುದು. ಆದರೆ ಮೂರು ದಿನ ಕಣ್ಣಿಟ್ಟು ಕಾಯಬೇಕು. ಏನೇನು ಕಾಯಬೇಕೆಂದು ಡಾಕ್ಟರು ಒಂದು ಪಟ್ಟಿ ಕೊಟ್ಟಳು. ಈ ಸಲ ಅದನ್ನು ಆಫ್ಕೆಯ ಕೈಗೆ ಕೊಡಲಿಲ್ಲ, ಟೆಟ್ಯೆಯ ಕೈಗೆ ಕೊಟ್ಟಳು.

ಮನೆಗೆ ಬಂದರೆ ವೃತ್ತ ಹಾಗೇ ಕೂತಿತ್ತು. ಒಬ್ಬರೂ ಎದ್ದಿರಲಿಲ್ಲ. ಆಫ್ಕೆ ಬಾಗಿಲಲ್ಲೇ ನಿಂತು, ಇದು ಹುಟ್ಟುಹಬ್ಬವಲ್ಲ, ಡಾಕ್ಟರ ತಾರೀಖು ಎಂದು ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಕುಲುಕಿದ ಕೈಯನ್ನು ವಾಪಸು ತೆಗೆದುಕೊಳ್ಳಲು ಬರುವುದಿಲ್ಲ ಎಂದು ಡೌವೆ ತೀರ್ಪು ಕೊಟ್ಟ. ಬೊಲ್ಲೆ ಕಂಬಳಿಯಿಂದ ಇಳಿದು, ವೃತ್ತದ ನಡುವೆ ನೆಟ್ಟಗೆ ನಡೆದು, ಟೆಟ್ಯೆ ಕೂರಬೇಕೆಂದಿದ್ದ ಕುರ್ಚಿ ಹತ್ತಿ ಮಲಗಿಬಿಟ್ಟಿತು.

ಮೂರು ದಿನ ತಾನೂ ಇಲ್ಲೇ ಇರುತ್ತೇನೆ ಎಂದು ಟೆಟ್ಯೆ ಅಂದಳು. ಬೆಕ್ಕಿಗಾಗಿ ಅಲ್ಲವಂತೆ, ಅದು ಉಳಿಯಬೇಕೆಂದು ಕೈತಟ್ಟಿದ ಮಾತಿಗಾಗಿ. ಕನ್ನಡಕ ಹಾಕಿಕೊಂಡು ಪಟ್ಟಿಯನ್ನು ಗಟ್ಟಿಯಾಗಿ ಓದಿದಳು.

"ಒಂದು. ಒಂದು ಕಡೆ ಕೂರದೆ ಓಡಾಡುತ್ತಲೇ ಇರುವುದು."

ಎಲ್ಲರೂ ಬೊಲ್ಲೆಯನ್ನು ನೋಡಿದರು. ಬೊಲ್ಲೆ ನಿದ್ದೆ ಮಾಡುತ್ತಿತ್ತು. ಆಫ್ಕೆ ಕಿಟಕಿಯ ಹತ್ತಿರ ಹೋಗುತ್ತಿದ್ದವಳು ನಿಂತಳು.

"ಎರಡು. ಜನ ಬಂದರೆ ಅಡಗಿಕೊಳ್ಳುವುದು. ಮೂರು. ಹೊತ್ತಿಗೆ ಸರಿಯಾಗಿ ಉಣ್ಣದಿರುವುದು. ನಾಲ್ಕು." ಟೆಟ್ಯೆ ಕನ್ನಡಕದ ಮೇಲಿಂದ ನೋಡಿದಳು. ಬೆಕ್ಕಿನ ಕಡೆಗಲ್ಲ. "ಮೈಯನ್ನು ಶುಚಿಯಾಗಿಟ್ಟುಕೊಳ್ಳದಿರುವುದು."

ಆಫ್ಕೆ ಸ್ವೆಟರಿನ ತೋಳನ್ನು ಬೆನ್ನ ಹಿಂದೆ ಸರಿಸಿದಳು.

"ಐದು. ಹತ್ತಿರ ಹೋದರೆ ಗುರ್ ಅನ್ನುವುದು."

"ನಾನೆಲ್ಲಿ ಗುರ್ ಅಂತೀನಿ," ಅಂದಳು ಆಫ್ಕೆ.

ಯಾರೂ ನಗಲಿಲ್ಲ. ಡೌವೆ ಕಾಫಿ ಲೋಟದೊಳಗೆ ಮುಖ ಇಟ್ಟುಕೊಂಡ. ಟೆಟ್ಯೆ ಕೊನೆಯ ಸಾಲು ಓದಿದಳು. ಇವುಗಳಲ್ಲಿ ಎರಡಕ್ಕಿಂತ ಹೆಚ್ಚು ಕಂಡರೆ ಒಂಟಿಯಾಗಿ ಬಿಡಬಾರದು. ಓದಿ, ಪಟ್ಟಿಯನ್ನು ಮಡಿಚಿ ಜೇಬಿಗಿಟ್ಟಳು.

"ಬೆಳಗಿನ ಪಾಳಿ ನನ್ನದು," ಅಂದಳು ಬೌಕ್ಯೆ. "ಮಧ್ಯಾಹ್ನ ಡೌವೆ ಬರ್ತಾನೆ. ಸಂಜೆಗೆ ಎದುರು ಮನೆಯವರು. ಊಟ ನಾವೇ ತರ್ತೀವಿ."

ಇಷ್ಟೆಲ್ಲ ಯಾಕೆ, ಬೆಕ್ಕನ್ನು ನೋಡಿಕೊಳ್ಳಲು ಟೆಟ್ಯೆ ಇದ್ದಾಳಲ್ಲ ಎಂದಳು ಆಫ್ಕೆ.

"ಹೌದು, ಬೆಕ್ಕಿಗೆ ಟೆಟ್ಯೆ ಇದ್ದಾಳೆ," ಅಂದಳು ಬೌಕ್ಯೆ. "ನಾನು ಹೇಳ್ತಾ ಇರೋದು ನಿನ್ನನ್ನ ನೋಡ್ಕೊಳ್ಳೋ ಪಾಳಿ. ಕೂತ್ಕೋ."